ಕೈ ಕಾಣದ ಮಾತು

ಮಾರ್ಚ್ ೧೪, ಶುಕ್ರವಾರ

ತಲೆ ಚಿಟ್ಟು ಹಿಡಿದಿದೆ. ಕಿವಿ ಕೇಳದ ನಾಯಕಿಯ ಸಿನಿಮಾ ಎಂದು ಊರೆಲ್ಲ ಡಂಗುರ ಸಾರಿದ್ದರು. ಆ ನಾಯಕಿಗೆ ಸನ್ನೆಭಾಷೆ ಕಲಿಸಿದವಳು ನಾನೇ. ಪಾಪ, ಬೆರಳು ನೋಯುವವರೆಗೆ ಕಲಿತಳು. ಇವತ್ತು ಮೊದಲ ಪ್ರದರ್ಶನಕ್ಕೆ ತಂಗಿಯನ್ನೂ ಕರೆದುಕೊಂಡು ಹೋದೆ. ಹುಟ್ಟಿನಿಂದ ಕಿವಿ ಕೇಳದವಳು. ನನಗೆ ಈ ಭಾಷೆ ಬಂದದ್ದೇ ಅವಳಿಂದ.

ಕೊನೆಯ ದೃಶ್ಯದಲ್ಲಿ ನಾಯಕಿ ಅಪ್ಪನಿಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಬೇಕು. ಕ್ಯಾಮೆರಾ ಸೀದಾ ಹೋಗಿ ಅವಳ ಮುಖಕ್ಕೆ ಅಂಟಿಕೊಂಡಿತು. ಕಣ್ಣೀರಿದೆ, ಪಿಟೀಲಿದೆ, ಕೈ ಮಾತ್ರ ಇಲ್ಲ! ಅವಳ ಮಾತನ್ನೆಲ್ಲ ಹಿನ್ನೆಲೆಯಲ್ಲಿ ಅಪ್ಪನ ದನಿ ಹೇಳುತ್ತದೆ. ಅಲ್ಲಿಯವರೆಗೆ ಪರದೆಯ ಕೆಳಗೆ ಮಾತುಗಳನ್ನು ಬರೆದು ತೋರಿಸುತ್ತಿದ್ದ ಅಕ್ಷರಗಳನ್ನೂ ಅಂದ ಕೆಡುತ್ತದೆಂದು ತೆಗೆದಿದ್ದಾರೆ.

ಹೊರಗೆ ನಿರ್ದೇಶಕರನ್ನು ಹಿಡಿದು ಕೇಳಿದೆ.

"ಮೇಡಂ, ಕೈ ತೋರಿಸಿದ್ರೆ ಫೀಲಿಂಗೇ ಹೋಗ್ಬಿಡತ್ತೆ. ಜನ ಮುಖ ನೋಡಿ ಅಳ್ತಾರೆ."

"ಮಾತಿರೋದೇ ಕೈಯಲ್ಲಿ ಅಲ್ವಾ ಸಾರ್?"

"ನಿಮ್ಮ ಹೆಸರು ದೊಡ್ಡದಾಗಿ ಹಾಕಿದೀವಿ, ನೋಡಿದ್ರಾ?"

ಕಿವುಡರ ಮುಂದೆ ಶಂಖ ಊದಿದ ಹಾಗಾಯಿತು ಎಂದು ಈಗಷ್ಟೇ ಇಲ್ಲಿ ಬರೆದು, ಹೊಡೆದುಹಾಕಿದೆ. ಯಾವ ಕಿವುಡರಿಗೆ ಹೇಳಿದ್ದರೂ ಅರ್ಥವಾಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಸನ್ನೆ ಮಾಡಿ ಕೇಳಿದಳು: "ಚೆನ್ನಾಗಿ ಅತ್ತಳು. ಆದ್ರೆ ಅಪ್ಪನಿಗೆ ಏನಂದಳು ಅಕ್ಕಾ?"

ಚೀಲವನ್ನು ಅವಳ ಮಡಿಲಿಗೆ ಹಾಕಿ, ಕಂಬಕ್ಕೆ ಬೆನ್ನು ಕೊಟ್ಟು ನಿಂತು, ನಾನು ಕಲಿಸಿದ ಅಷ್ಟೂ ಮಾತನ್ನು ಹೇಳಿ ತೋರಿಸಿದೆ. ಬಸ್ಸಿನವರೆಲ್ಲ ಪಿಳಿಪಿಳಿ ನೋಡುತ್ತಿದ್ದರು. ಥಿಯೇಟರಿನಲ್ಲಿ ಬರದ ಅಳು ತಂಗಿಗೆ ಅಲ್ಲಿ ಬಂತು. ಅವಳ ಕಣ್ಣು ನನ್ನ ಕೈ ಬಿಟ್ಟು ಕದಲಲಿಲ್ಲ.

ಮುಖ ನೋಡಿ ಅಳ್ತಾರಂತೆ, ಮುಖ!