ಕೈರುಚಿ ನಿಮ್ಮದಲ್ಲವೇ

ಪೂರ್ವಿಯ ಅಪ್ಪನಿಗೆ,

ಭಾಗಮಂಡಲಕ್ಕೆ, ಅಕ್ಕನ ಮನೆಗೆ ಹೊರಟಿದ್ದೇನೆ. ಬರುವುದು ನಾಳೆ ಸಂಜೆ.

ನಿನ್ನೆ ನಮ್ಮ ಹೋಮ್‌ಸ್ಟೇಗೆ ಬಂದವರ ಮುಂದೆ, "ಈ ಜೇನು ಕೇಕ್ ನಂದೇ ಕೈರುಚಿ, ಇವಳು ಪಾತ್ರೆ ತೊಳೀತಾಳೆ ಅಷ್ಟೇ" ಅಂದಿರಲ್ಲ, ಆಗ ನಾನು ಕಾಫಿ ಟ್ರೇ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದೆ.

ಬೆಳಿಗ್ಗೆ ಅವರಿಗೆಲ್ಲ ಹೇಳಿದ್ದೇನೆ, ಇವತ್ತು ನಾಲ್ಕು ಗಂಟೆಗೆ ನೀವೇ ಅವರೆದುರು ಕೇಕ್ ಮಾಡಿ ತೋರಿಸುತ್ತೀರಿ ಅಂತ. ಒಂಬತ್ತು ಜನ. ವಿಡಿಯೋ ಮಾಡಿಕೊಳ್ಳುತ್ತಾರಂತೆ.

ಜೇನು ಮೇಲಿನ ಕಪಾಟಿನಲ್ಲಿದೆ. ಏಲಕ್ಕಿ, ಲವಂಗ, ಕರಿಮೆಣಸು ಪುಡಿ ಮಾಡಿಲ್ಲ. ಯಾವುದು ಎಷ್ಟು ಹಾಕಬೇಕೆಂದೂ ಬರೆದಿಟ್ಟಿಲ್ಲ, ಕೈರುಚಿ ನಿಮ್ಮದಲ್ಲವೇ. ಜೇನು ಹಾಕಿದ ಕೇಕ್ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ. ಹಾಗಾಗದಂತೆ ಏನು ಮಾಡುತ್ತೀರಿ ಎಂದು ಆ ಕನ್ನಡಕದ ಹೆಂಗಸು ಖಂಡಿತ ಕೇಳುತ್ತಾಳೆ. ಹೇಳಿ.

ಬಿಸಿ ತಟ್ಟೆಯನ್ನು ಮಾತ್ರ ಬರಿಗೈಯಲ್ಲಿ ಹಿಡಿಯಬೇಡಿ, ಬೊಬ್ಬೆ ಏಳುತ್ತದೆ. ಮಸಿಬಟ್ಟೆ ಓವನ್ ಪಕ್ಕದಲ್ಲಿದೆ.

ನನಗೆ ಫೋನ್ ಮಾಡಿದರೆ ಅಕ್ಕಿ ಡಬ್ಬಿಯೊಳಗೆ ರಿಂಗಾಗುತ್ತದೆ. ಅಲ್ಲೇ ಇಟ್ಟು ಹೋಗುತ್ತಿದ್ದೇನೆ.

ಪಾತ್ರೆಗಳನ್ನು ಹಾಗೇ ಬಿಡಿ. ನಾಳೆ ಬಂದು ತೊಳೆಯುತ್ತೇನೆ. ನನ್ನ ಕೆಲಸ ಅಷ್ಟೇ ತಾನೇ.

ಕುಸುಮ