ಹೊನಗೊನ್ನೆಯ ಹೂವು

ತ್ಯಾಮಗೊಂಡ್ಲು
೧೨-೧೦-೨೦೨೫, ಭಾನುವಾರ

ಪ್ರೀತಿಯ ಮುತ್ಯಾಲಮ್ಮನಿಗೆ,

ಕ್ಷೇಮವೇ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಮಗಳ ಬಾಣಂತನದ ಗಡಿಬಿಡಿಯಲ್ಲಿ ಸೀಸೆಯ ಮುಚ್ಚಳವನ್ನೇ ತೆಗೆದಿಲ್ಲವೋ? ಪ್ರಿಯಾಂಕಳಿಗೆ ಹಾಲು ಸಾಕಾಗುತ್ತಿದೆಯೇ? ಕೂಸಿಗೆ ನನ್ನ ಮೂಗೇ ಬಂದಿದೆ ಅಂದೆಯಂತೆ. ಪಾಪ, ಹೆಣ್ಣುಮಗು. ಸೊಸೆ ಪ್ರಮೋದಾ ಮೊಬೈಲಿನಲ್ಲಿ ಫೋಟೊ ತೋರಿಸಿದಾಗ ನಾನೂ ಹೂಂ ಅಂದೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನನ್ನ ಮಾತಿಗೆ ಜಾಗ ಬಿಡುವುದಿಲ್ಲ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಅಶೋಕ ನಾಳೆ ಹೊಸಕೋಟೆಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ನಗಬೇಡ.

ಇನ್ನು ನೀನು ಕೇಳಿದ ಸೊಪ್ಪಿನ ಕಥೆ. ಬಾಣಂತಿಗೆ ನಮ್ಮ ಕೆರೆಯಂಚಿನ ಹೊನಗೊನ್ನೆಯೇ ಆಗಬೇಕೆಂದು ನಿನ್ನ ಹಟ. ಕಣ್ಣಿಗೂ ಒಳ್ಳೆಯದೆಂದು ನಾನೂ ವರ್ಷಗಟ್ಟಲೆ ತಿಂದವನೇ. ಪೊರೆ ತೆಗೆಸಿ ಎಂದು ನೀನು ಅಂದಾಗಲೆಲ್ಲ, "ಹೊನಗೊನ್ನೆ ಇರೋವಾಗ ಆಪರೇಷನ್ ಯಾಕೆ" ಎಂದು ನಿನ್ನ ಬಾಯಿ ಮುಚ್ಚಿಸಿದ್ದೂ ಉಂಟು. ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಕೆಸರಿಗಿಳಿದು ಒಂದು ಮಡಿಲು ಕಿತ್ತು ತಂದೆ. ಸೋಸಲು ಕೂತ ಪ್ರಮೋದಾ, "ಮಾವ, ಇದು ಹೊನಗೊನ್ನೆ ಅಲ್ಲ. ಹೂವು ತೊಟ್ಟು ಬಿಟ್ಕೊಂಡು ನಿಂತೈತೆ ನೋಡಿ" ಅಂದಳು. ನನಗೆ ರೇಗಿತು. ಬಿಳಿ ಹೂವು ಗೆಣ್ಣಿಗೇ ಅಂಟಿ ಕೂತಿದ್ದರೆ ನಮ್ಮ ಹೊನಗೊನ್ನೆ. ಉದ್ದ ತೊಟ್ಟಿನ ತುದಿಯಲ್ಲಿದ್ದರೆ ಎಲ್ಲಿಂದಲೋ ಬಂದು ಕೆರೆ ನುಂಗುತ್ತಿರುವ ಕಳೆ. ಅವಳು ಮದುವೆಯಾಗಿ ಬಂದ ವರ್ಷ ಈ ಪಾಠ ಹೇಳಿಕೊಟ್ಟವನೇ ನಾನು. ಗುರುವಿಗೇ ತಿರುಮಂತ್ರ! ಒಂದು ಕಡ್ಡಿ ಎತ್ತಿ ಬಿಸಿಲಿಗೆ ಹಿಡಿದೆ. ಆಮೇಲೆ ದಂಟನ್ನು ಹಿಸುಕಿದೆ. ಒಳಗೆಲ್ಲ ಟೊಳ್ಳು. ಕಳೆಯೇ.

ತಿಪ್ಪೆಗೆ ಎಸೆದರೆ ಗೆಣ್ಣುಗೆಣ್ಣಿಗೂ ಚಿಗುರುವ ಜಾತಿ ಅದು, ಬಂಡೆಯ ಮೇಲೆ ಒಣಹಾಕಿದ್ದೇನೆ. ಮತ್ತೆ ಪ್ರಮೋದಾಳೇ ನನ್ನ ಜೊತೆ ಕೆರೆಗೆ ಬಂದು ಸರಿಯಾದದ್ದನ್ನು ಕಿತ್ತಳು. ಚೀಲದಲ್ಲಿರುವುದು ಅದು, ಧೈರ್ಯವಾಗಿ ಬೇಯಿಸು. ಆದರೂ ಒಮ್ಮೆ ನೀನೇ ನೋಡಿಬಿಡು.

ತಾಯಿಮಗು ತಣ್ಣಗಿರಲಿ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಸೊಣ್ಣಪ್ಪ

ಮರೆತಿದ್ದು: ಕಡ್ಡಿಯನ್ನು ಬಿಸಿಲಿಗೆ ಹಿಡಿದೆ ಅಂದೆನಲ್ಲ, ತೊಟ್ಟೂ ಕಾಣಲಿಲ್ಲ, ಹೂವೂ ಕಾಣಲಿಲ್ಲ. ಬರೀ ಮಬ್ಬು. ಬಾಣಂತಿಯ ಬಾಯಿಗೆ ಏನು ಹಾಕಿಸುತ್ತಿದ್ದೆನೋ! ಬರುವ ಗುರುವಾರ ದೊಡ್ಡಬಳ್ಳಾಪುರದಲ್ಲಿ ಪೊರೆ ತೆಗೆಸಲು ಒಪ್ಪಿದ್ದೇನೆ. ಮಗ ಸಿದ್ದರಾಜು ದಾಬಸ್‌ಪೇಟೆಯ ಕೆಲಸಕ್ಕೆ ರಜೆ ಹಾಕಿ ಕರೆದೊಯ್ಯುತ್ತಾನೆ. ಭಯವಾಗುತ್ತಿದೆ ಕಣೇ. ಫೋಟೊಗೆ ಹೂಂ ಅಂದೆನೇ ಹೊರತು ಕೂಸಿನ ಮೂಗು ನನಗೆ ಕಂಡಿರಲಿಲ್ಲ. ಆಪರೇಷನ್ನಿಗೆ ನೀನು ಬರಬೇಡ, ಬಾಣಂತಿಯನ್ನು ನೋಡಿಕೋ. ಕಟ್ಟು ಬಿಚ್ಚುವ ಹೊತ್ತಿಗೆ ಮಾತ್ರ ಬಂದು ಎದುರಿಗೆ ನಿಂತಿರು. ಕೂಸಿನ ಮೂಗನ್ನು ಆಮೇಲೆ ನೋಡುತ್ತೇನೆ.