ಸ್ಮಾರಕದ ಮೇಲಿನ ಎಣ್ಣೆಕಲೆ

ಅಜ್ಜಿ,

ಸೊಪ್ಪು ಮಾರುತ್ತಾ ದಿನಾ ಒರಗಿ ಕೂರುತ್ತೇನೆ ಅಂತ ನೀನು ಹೇಳುತ್ತಿದ್ದ ಸಂತೆಪೇಟೆಯ ಯುದ್ಧ ಸ್ಮಾರಕವನ್ನು ಈಗ ನಮ್ಮ ಕಾಲೇಜಿನವರೇ ರಿಪೇರಿ ಮಾಡುತ್ತಿದ್ದೇವೆ. ಇವತ್ತು ಮೇಷ್ಟ್ರು ಕಲ್ಲಿನ ಮೇಲಿದ್ದ ಎಣ್ಣೆಕಲೆ ತೋರಿಸಿ, "ಎಣ್ಣೆ ಹೀರೋ ಮಣ್ಣಿನ ಪಟ್ಟು ಹಾಕಿ ಇದನ್ನ ತೆಗೆದುಬಿಡಮ್ಮ" ಎಂದರು.

"ಸರ್, ಪ್ಲೀಸ್, ಅದು ಡರ್ಟ್ ಅಲ್ಲ, ನಮ್ಮಜ್ಜಿ ತಲೆ" ಅಂದುಬಿಟ್ಟೆ.

ಪಕ್ಕದ ಹೂವಿನವಳು ಬಿದ್ದು ಬಿದ್ದು ನಕ್ಕಳು. "ಹೌದು ಸ್ವಾಮಿ, ಸೊಪ್ಪಿನಜ್ಜಿ ತಲೆಗೆ ಹಚ್ಚಿದ ಎಣ್ಣೇಲಿ ಅರ್ಧ ಈ ಕಲ್ಲೇ ಕುಡೀತು. ಏನೇ ಹುಡುಗಿ, ನೀನು ಆ ಹಾಸ್ಟೆಲ್‌ನಲ್ಲಿ ಓದೋ ಮೊಮ್ಮಗಳಾ? ಅಜ್ಜಿ ಇರೋವಾಗ ಒಂದಿನಾನೂ ಈ ಕಡೆ ಕಾಣಲಿಲ್ಲವಲ್ಲೇ."

ಮೇಷ್ಟ್ರೂ ನಕ್ಕರು. "ಸರಿ, ಸೈನಿಕರ ಜೊತೆ ಅಜ್ಜೀನೂ ಇರಲಿ ಬಿಡು."

ಖುಷಿ ತಡೆಯಲಾರದೆ ಊಟದ ಹೊತ್ತಿಗೆ ನಿನ್ನ ಜಾಗದಲ್ಲೇ ಒರಗಿ ಕೂತೆ. ಕಲೆ ನನ್ನ ಹೆಗಲ ಮಟ್ಟಕ್ಕೆ ಬಂತು. ನೀನು ಇಷ್ಟು ಕುಳ್ಳಿ ಅಂತ ನನಗೆ ಗೊತ್ತೇ ಇರಲಿಲ್ಲ ಅಜ್ಜಿ.